ಪಡುವಣ ಕಿಟಕಿಗೆ ಹಚ್ಚಿದ ಹಾಳೆ

ದೇವರು ಬಿಸಿಲನ್ನು ಎಲ್ಲರಿಗೂ ಸಮನಾಗಿ ಹಂಚಿದ್ದಾನೆ ಎನ್ನುವವರು ಪಡುವಣ ಕಿಟಕಿಯ ಮನೆಯಲ್ಲಿ ಒಂದು ಬೇಸಿಗೆ ಕಳೆದು ನೋಡಬೇಕು. ದೊಡ್ಡಕ್ಕನ ಮನೆ ಅಂಥದ್ದು. ಬೀದಿಯ ಮೂಡಣ ಸಾಲಿನ ಕಟ್ಟಡದಲ್ಲಿ, ಮೇಲಿನ ಅಂತಸ್ತು. ನಡುಮನೆಗೆ ಇದ್ದದ್ದು ಒಂದೇ ಕಿಟಕಿ. ಆದರೆ ಅದು ಗೋಡೆಯನ್ನು ಮುಕ್ಕಾಲು ಪಾಲು ನುಂಗಿಕೊಂಡ ಕಿಟಕಿ. ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ಬಿಸಿಲು ಎದುರು ಸಾಲಿನ ತಾರಸಿ ದಾಟಿ ಒಳಗೆ ಕಾಲಿಡುತ್ತಿತ್ತು. ಮೊದಲು ಸಂಕೋಚದ ನೆಂಟನ ಹಾಗೆ ಕಿಟಕಿಯ ಕಟ್ಟೆಯ ಮೇಲೆ, ಆಮೇಲೆ ನೆಲದ ಮೇಲೆ ಕಾಲು ಚಾಚಿ, ಕೊನೆಗೆ ಮನೆಯೇ ತನ್ನದೆನ್ನುವಂತೆ ಮಂಚ ಹತ್ತಿ ಮಲಗಿಬಿಡುತ್ತಿತ್ತು.

ಆದರೂ ಬಹಳ ವರ್ಷ ದೊಡ್ಡಕ್ಕನಿಗೆ ಆ ಕಿಟಕಿಯ ಮೇಲೆ ಮುನಿಸಿರಲಿಲ್ಲ. ಕಾರಣ, ಎದುರು ಮನೆಯಲ್ಲಿದ್ದ ಓರಗಿತ್ತಿ.

ಅಣ್ಣ ನಕ್ಷೆ ಬರೆಯುವ ಕಚೇರಿಯಲ್ಲಿ, ತಮ್ಮ ಬಸ್ ಡಿಪೋದಲ್ಲಿ. ಇಬ್ಬರೂ ಬೇರೆ ಬೇರೆ ಸಂಸಾರ ಹೂಡಿದಾಗ ತೀರಾ ದೂರ ಬೇಡ, ತೀರಾ ಹತ್ತಿರವೂ ಬೇಡ ಎಂದು ಒಂದೇ ಬೀದಿಯಲ್ಲಿ ಎದುರುಬದುರು ಮನೆ ಹಿಡಿದಿದ್ದರು. ಹಿರಿಯನ ಹೆಂಡತಿ ಇಡೀ ಬೀದಿಗೆ ದೊಡ್ಡಕ್ಕ, ಕಿರಿಯನ ಹೆಂಡತಿ ಚಿಕ್ಕಕ್ಕ. ಚಿಕ್ಕಕ್ಕನ ಮನೆ ಒಂದು ಅಂತಸ್ತು ಕೆಳಗೆ. ಆಕೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ದರ್ಜಿ ಅಂಗಡಿಯಿಂದ ಬರುವ ಆಸ್ಪತ್ರೆಯ ಬಿಳಿ ಕೋಟುಗಳಿಗೆ ಕಾಜ ಹೊಲಿದು ಗುಂಡಿ ಹಾಕುತ್ತಿದ್ದಳು. ಮಧ್ಯಾಹ್ನ ಅವಳ ಕಡೆ ನೆರಳು. ಕೂತಲ್ಲಿಂದ ಕತ್ತೆತ್ತಿದರೆ ಬಿಸಿಲಿನಲ್ಲಿ ಬೆಳಗುವ ದೊಡ್ಡಕ್ಕನ ಕಿಟಕಿ, ಕಿಟಕಿಯಲ್ಲಿ ದೊಡ್ಡಕ್ಕ.

ನಡುವೆ ಬೀದಿ ಗಂಟಲು ಹರಿದುಕೊಳ್ಳುತ್ತಿತ್ತು. ಗಾಡಿಗಳ ಹಾರನ್ನು, ಕಬ್ಬಿಣದಂಗಡಿಯ ಬಡಿತ. ಕೂಗಿ ಮಾತಾಡಿದರೆ ಬೀದಿಗೆಲ್ಲ ಕೇಳೀತೇ ಹೊರತು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವ ಹಾಗಿರಲಿಲ್ಲ. ಅದಕ್ಕೇ ಕೈಸನ್ನೆ. ಅಂಗೈ ಮಗುಚಿದರೆ ‘ಊಟ ಆಯ್ತಾ?’ ಹಣೆಗೆ ಬೆರಳೊತ್ತಿದರೆ ತಲೆನೋವು. ಎರಡು ಕೆನ್ನೆ ಉಬ್ಬಿಸಿದರೆ ‘ಯಜಮಾನರು ಮುಖ ಊದಿಸಿಕೊಂಡಿದ್ದಾರೆ’. ಈ ಕೊನೆಯದಕ್ಕೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಸದ್ದಿಲ್ಲದೆ, ಗಾಜಿನ ಈಚೆ ಒಬ್ಬಳು ಆಚೆ ಒಬ್ಬಳು. ಬಿಸಿಲು ಕೆಂಪಾಗುವ ಹೊತ್ತಿಗೆ ಇಬ್ಬರೂ ಕೆಲಸ ಬದಿಗಿಟ್ಟು, ಎದುರೆದುರು ನಿಂತು, ಕಣ್ಣು ಮುಚ್ಚಿ, ಅತ್ತೆ ಕಲಿಸಿದ ಒಂದೇ ಪ್ರಾರ್ಥನೆಯನ್ನು ಹೇಳಿಕೊಳ್ಳುತ್ತಿದ್ದರು. ಮುಗಿದ ಮೇಲೆ ಕಣ್ಣು ತೆರೆದರೆ ಎದುರಿಗೆ ಇನ್ನೊಬ್ಬಳು ಇರುತ್ತಿದ್ದಳು. ದೇವರು ಇದ್ದಾನೆ ಎನ್ನುವುದಕ್ಕೆ ದೊಡ್ಡಕ್ಕನಿಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಇದರಲ್ಲಿ ಒಂದು ಕ್ರಮವಿತ್ತು. ಮೊದಲು ಕೈಯೆತ್ತುವವಳು ಯಾವಾಗಲೂ ದೊಡ್ಡಕ್ಕ. ಹಿರಿಯಳು ಕೈಯೆತ್ತಿದ ಮೇಲೆ ಕಿರಿಯಳು. ಯಾರೂ ಕೂತು ಗೊತ್ತುಮಾಡಿದ್ದಲ್ಲ, ಹೊಸ ಸೊಸೆಯಾಗಿ ಬಂದ ದಿನಗಳ ಅಳುಕಿನಲ್ಲಿ ಶುರುವಾದದ್ದು ಹಾಗೇ ಉಳಿದುಬಿಟ್ಟಿತ್ತು. ದೊಡ್ಡಕ್ಕ ಕಿಟಕಿಗೆ ಬಾರದ ದಿನ ಚಿಕ್ಕಕ್ಕ ತಲೆ ತಗ್ಗಿಸಿ ಹೊಲಿಯುತ್ತ ಕಾಯುತ್ತಿದ್ದಳು, ತಾನಾಗಿ ಕರೆಯುತ್ತಿರಲಿಲ್ಲ.

ಆ ಬೇಸಿಗೆ ದೊಡ್ಡಕ್ಕನ ಯಜಮಾನರ ಕಣ್ಣಿಗೆ ಆಪರೇಷನ್ ಆಯಿತು. ಇಡೀ ಆಯುಷ್ಯ ಕೂದಲೆಳೆಯಂಥ ಗೆರೆಗಳನ್ನು ಎಳೆದ ಕಣ್ಣು, ಬೆಳಕು ಬಿದ್ದರೆ ಸೂಜಿ ಚುಚ್ಚಿದ ಹಾಗೆ ನೀರು ಸುರಿಸತೊಡಗಿತು. ದೂಳು ಬೀಳಬಾರದು, ಕಿಟಕಿ ತೆರೆಯಬೇಡಿ ಎಂದಿದ್ದರು ಡಾಕ್ಟರು. ತೆರೆಯದಿದ್ದರೆ ಮನೆ ಕಾವಲಿ.

ದೊಡ್ಡಕ್ಕ ಮಾಡದ ಉಪಾಯವಿಲ್ಲ. ಒದ್ದೆ ದುಪ್ಪಟಿ ಕಟ್ಟಿದಳು. ಅದು ಒಣಗುವವರೆಗೆ ಬಟ್ಟೆ ಬೇಯಿಸಿದ ಹಬೆ, ಒಣಗಿದ ಮೇಲೆ ಮತ್ತೆ ಅದೇ ಉರಿ. ರಟ್ಟಿನ ಪೆಟ್ಟಿಗೆ ಹರಿದು ಗಾಜಿಗೆ ಒತ್ತಿದಳು. ಹಗಲಲ್ಲೇ ದೀಪ ಹಾಕಬೇಕಾಯಿತು, ದೀಪವೂ ಅವರ ಕಣ್ಣಿಗೆ ಆಗಲಿಲ್ಲ.

“ಇದು ಮನೆಯೋ ಬೇಕರಿಯೋ?” ಎಂದರು ಯಜಮಾನರು, ಕಣ್ಣಿನ ಮೇಲೆ ಟವೆಲ್ಲು ಹಾಕಿಕೊಂಡು.

“ನೀವೇನು ಬನ್ನೇ ಉಬ್ಬೋಕೆ? ಸುಮ್ನೆ ಮಲಗಿ.”

“ಒಂದು ಮಗ್ಗುಲು ಬೆಂದಾಯ್ತು, ತಿರುಗಿಸಿ ಹಾಕು ಅಂದೆ ಅಷ್ಟೆ.”

ನಗಿಸಲು ಹೇಳಿದ ಮಾತು. ಆದರೆ ಟವೆಲ್ಲಿನ ಕೆಳಗಿಂದ ನೀರು ಇಳಿಯುತ್ತಿತ್ತು. ಮಾರನೆಯ ಬೆಳಿಗ್ಗೆಯೇ ದೊಡ್ಡಕ್ಕ ಗಾಜಿನ ಅಂಗಡಿಗೆ ಹೋಗಿ ಹೇಳಿಬಂದಳು.

ಗಾಜಿನವನು ಬಾಯಿಬಡುಕ. ಕಿಟಕಿಯನ್ನು ಸೋಪು ನೀರಿನಲ್ಲಿ ತೊಳೆದು, ಬೆಳ್ಳಿಯ ಬಣ್ಣದ ತೆಳುವಾದ ಹಾಳೆಯನ್ನು ಗಾಜಿಗೆ ಹಾಸಿ, ರಬ್ಬರಿನ ಪಟ್ಟಿಯಿಂದ ನೀರು ಗುಳ್ಳೆ ಎಲ್ಲ ಅಂಚಿಗೆ ತಳ್ಳುತ್ತ ಮಾತಾಡುತ್ತಲೇ ಇದ್ದ. “ಅಮ್ಮ, ಇನ್ಮೇಲೆ ಸೂರ್ಯ ಒಳಗೆ ಬರ್ಬೇಕಂದ್ರೆ ನಿಮ್ಮ ಬಾಗಿಲು ತಟ್ಟಿ ಕೇಳ್ಬೇಕು. ಬಂದ ಬಿಸಿಲನ್ನ ಬಂದ ಹಾಗೇ ವಾಪಸ್ ಕಳಿಸುತ್ತೆ ಇದು. ಒಳಗಿಂದ ನಿಮಗೆಲ್ಲ ಕಾಣುತ್ತೆ. ಬೀದೀಲಿ ನಿಂತು ಯಾರಾದ್ರೂ ಹಗಲಲ್ಲಿ ಕತ್ತೆತ್ತಿ ನೋಡಿದ್ರೆ ಆಕಾಶ ಬಿಟ್ರೆ ಇನ್ನೇನೂ ಕಾಣಲ್ಲ.”

“ಒಳ್ಳೇದೇ ಆಯ್ತು” ಎಂದಳು ದೊಡ್ಡಕ್ಕ. ಅವನ ಮಾತಿಗೆ ಆಕೆಯ ಕಣ್ಣೆದುರು ಬಂದದ್ದು ಬೀದಿ. ಕಬ್ಬಿಣದಂಗಡಿಯ ಮುಂದೆ ನಿಂತು ಹಲ್ಲು ಕಡ್ಡಿ ಕಚ್ಚುತ್ತ ಮೇಲೆ ನೋಡುವ ಪೋಲಿಗಳು ಬಂದರು. ಎದುರಿನ ಕಿಟಕಿ ಬರಲೇ ಇಲ್ಲ. ಚಿಕ್ಕಕ್ಕ ಬೀದಿಯ ಲೆಕ್ಕದವಳಲ್ಲವಲ್ಲ. ಬಂದ ಬಿಸಿಲು ವಾಪಸ್ ಹೋಗುತ್ತದೆ ಎಂದರೆ ಎಲ್ಲಿಗೆ ಹೋಗುತ್ತದೆ ಎಂದೂ ಆಕೆ ಕೇಳಲಿಲ್ಲ. ಬಂದವನಿಗೆ ಹೋಗುವ ದಾರಿ ಗೊತ್ತಿರುತ್ತದೆ ಎಂದು ನಾವೆಲ್ಲ ಅಂದುಕೊಳ್ಳುವ ಹಾಗೆಯೇ ಅಂದುಕೊಂಡಳು.

ಆ ಮಧ್ಯಾಹ್ನ ಬಿಸಿಲು ಕಿಟಕಿಯ ಹೊರಗೇ ನಿಂತಿತು. ಕೋಣೆಯ ತುಂಬ ಮೋಡ ಕವಿದಂಥ ತಂಪು ಬೆಳಕು. ಯಜಮಾನರು ಟವೆಲ್ಲು ತೆಗೆದು ಸುತ್ತ ನೋಡಿ, “ಪುಣ್ಯ ಕಟ್ಟಿಕೊಂಡೆ ಕಣೇ” ಎಂದು ಗೊರಕೆ ಹೊಡೆದರು. ದೊಡ್ಡಕ್ಕ ಖುಷಿಯಲ್ಲಿ ಕಿಟಕಿಗೆ ಬಂದು ಕೈಯೆತ್ತಿದಳು.

ಚಿಕ್ಕಕ್ಕ ಮೇಲೆ ನೋಡಿದಳು. ನೋಡಿದ್ದು ದೊಡ್ಡಕ್ಕನಿಗೆ ಸ್ಪಷ್ಟವಾಗಿ ಕಂಡಿತು. ನೋಡಿ, ಮುಖ ಕಿವುಚಿ, ತಲೆ ತಗ್ಗಿಸಿದಳು. ಕೈ ಎತ್ತಲಿಲ್ಲ.

ಏನೋ ಬೇಜಾರಿರಬೇಕು ಎಂದುಕೊಂಡಳು. ಮರುದಿನ ಮತ್ತೆ ಕೈಯೆತ್ತಿದಳು. ಅಂಗೈ ಮಗುಚಿದಳು. ಕೆನ್ನೆ ಉಬ್ಬಿಸಿದಳು. ಚಿಕ್ಕಕ್ಕ ಸೀದಾ ಇತ್ತ ನೋಡಿ, ಹುಬ್ಬುಗಂಟಿಕ್ಕಿ, ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಉಬ್ಬಿದ ಕೆನ್ನೆಯಲ್ಲೇ ದೊಡ್ಡಕ್ಕ ಪೆಚ್ಚಾಗಿ ನಿಂತಳು.

“ನಿನ್ನ ತಮ್ಮನ ಹೆಂಡ್ತಿಗೆ ಏನಾಗಿದೆ?” ಎಂದು ಯಜಮಾನರನ್ನು ಕೇಳಿದಳು. ಸಿಟ್ಟು ಬಂದಾಗ ಬಹುವಚನ ಬಿಟ್ಟುಹೋಗುತ್ತಿತ್ತು.

“ನನ್ನ ತಮ್ಮನಿಗೇ ಗೊತ್ತಿರಲ್ಲ ಅದು, ನನಗೆಲ್ಲಿಂದ ಗೊತ್ತಾಗ್ಬೇಕು?”

ಒಂದು ವಾರ ಕಳೆದಿರಬೇಕು, ಬೆಳಿಗ್ಗೆ ಚಿಕ್ಕಕ್ಕ ತಾನೇ ಬಂದಳು. ಭಾವನ ಕಣ್ಣು ಹೇಗಿದೆ ಎಂದು ವಿಚಾರಿಸಿದಳು. ಅವಳ ಕಣ್ಣೇ ಕೆಂಪಾಗಿತ್ತು, ದೊಡ್ಡಕ್ಕ ಅದನ್ನು ಗಮನಿಸಿಯೂ ಕೇಳಲಿಲ್ಲ. ಬಿಗಿದ ಮುಖದಲ್ಲೇ ಚಹಾ ಕೊಟ್ಟಳು. ಚಿಕ್ಕಕ್ಕ ಲೋಟ ಹಿಡಿದು ಕಿಟಕಿಯ ಹತ್ತಿರ ಹೋಗಿ ನಿಂತಳು. ಅಲ್ಲಿಂದ ತನ್ನ ಮನೆಯತ್ತ ನೋಡಿದಳು. ತನ್ನ ಕುರ್ಚಿ, ಕುರ್ಚಿಯ ಮೇಲೆ ಮಡಿಸಿಟ್ಟ ಕೋಟು, ಕೋಟಿನ ಮೇಲಿನ ಸೂಜಿಡಬ್ಬಿ ಎಲ್ಲ ಅಲ್ಲಿಂದ ಕಾಣುತ್ತಿದ್ದವು.

“ಇಲ್ಲಿಂದ ಎಲ್ಲಾ ಕಾಣುತ್ತಲ್ಲಾ ಅಕ್ಕ, ಮೊದಲಿನ ಹಾಗೇ” ಎಂದಳು ಮೆಲ್ಲಗೆ.

“ಕಾಣದೇ ಏನು? ನನಗೆ ಕಾಣುತ್ತಮ್ಮ. ಕಂಡೂ ಕಾಣದ ಹಾಗೆ ಇರೋ ವಿದ್ಯೆ ಕೆಲವರಿಗೆ ಮಾತ್ರ ಬರುತ್ತೆ.”

ಕುಟುಕಬೇಕೆಂದೇ ಆಡಿದ ಮಾತು, ಸರಿಯಾಗಿಯೇ ಕುಟುಕಿತು. ಚಿಕ್ಕಕ್ಕನ ಮುಖದಿಂದ ರಕ್ತ ಇಳಿದುಹೋಯಿತು. ಅಕ್ಕ ದಿನವೂ ತನ್ನನ್ನು ನೋಡುತ್ತಿದ್ದಾಳೆ, ನೋಡಿಯೂ ಮುಖ ತೋರಿಸುತ್ತಿಲ್ಲ, ಈಗ ಅದನ್ನೇ ವಿದ್ಯೆ ಎಂದು ಹೇಳಿಕೊಳ್ಳುತ್ತಿದ್ದಾಳೆ ಎಂದು ಅವಳಿಗೆ ಅನಿಸಿತು. ಲೋಟವನ್ನು ಅರ್ಧಕ್ಕೇ ಇಟ್ಟು, “ಬರ್ತೀನಿ ಅಕ್ಕ, ಕೋಟು ಕೊಡೋದಿದೆ” ಎಂದು ಇಳಿದುಹೋದಳು. ಅಕ್ಕ ಕೂರು ಎನ್ನಲಿಲ್ಲ.

ಅಂದು ಮಧ್ಯಾಹ್ನ ಚಿಕ್ಕಕ್ಕನ ಕಿಟಕಿಗೆ ದಪ್ಪ ಕಂದು ರಗ್ಗು ಬಿತ್ತು. ಮೇಲೆ ಮೊಳೆ ಹೊಡೆದು ಕಟ್ಟಿದ್ದು, ಸರಿಸುವ ಮಾತೇ ಇಲ್ಲ.

ದೊಡ್ಡಕ್ಕ ಆ ರಗ್ಗನ್ನು ನೋಡುತ್ತ ನಿಂತಳು. ನನ್ನ ಮುಖ ನೋಡಬಾರದೆಂದು ಮೊಳೆ ಹೊಡೆದುಕೊಂಡಳೇ! ಬಿಸಿಲು ಕೆಂಪಾದಾಗ ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಂತಳು. ಕೊನೆಯ ಸಾಲು ಹೇಳಿ ಕಣ್ಣು ತೆರೆಯಲು ಮನಸ್ಸಾಗದೆ ಹಾಗೇ ಕತ್ತಲಲ್ಲಿ ಸ್ವಲ್ಪ ಹೊತ್ತು ನಿಂತಳು.

ಒಂದು ಭಾನುವಾರ ಮೈದುನ ಬಂದ. ಡಿಪೋದ ಗ್ರೀಸು ಉಗುರಿನಲ್ಲಿ ಇನ್ನೂ ಇತ್ತು. ಎದುರಿಗಿದ್ದವರ ಮನಸ್ಸಿಗೆ ನೋವಾಗಬಾರದೆಂದು ಯಾವ ಮಾತನ್ನೂ ತಮಾಷೆಯಲ್ಲಿ ಸುತ್ತಿ ಕೊಡುವ ಸ್ವಭಾವ ಅವನದು. ಅಣ್ಣನ ಮಂಚದ ಅಂಚಿನಲ್ಲಿ ಕೂತು, ತಂಪಾದ ಕೋಣೆಯನ್ನು ನೋಡಿ, “ಅಣ್ಣನಿಗೆ ಹಾಯಾಗಿದೆ. ಇರಲಿ. ನಮ್ಮನೇಲಂತೂ ಈಗ ಎರಡು ಸೂರ್ಯ ಅತ್ತಿಗೆ, ಬೆಳಿಗ್ಗೆ ಒಂದು, ಮಧ್ಯಾಹ್ನ ನಿಮ್ಮ ಕಿಟಕಿದು” ಎಂದ.

“ಹೊಳೆಯೋದು ಕಂಡ್ರೆ ನೋಡೋರ ಕಣ್ಣು ಚುಚ್ಚುತ್ತೆ ಬಿಡಿ” ಎಂದಳು ದೊಡ್ಡಕ್ಕ. ಹಾಳೆ ಹಾಕಿಸಿಕೊಂಡ ಜಂಬಕ್ಕೆ ಅವನ ಹೆಂಡತಿ ಕಳಿಸಿಕೊಟ್ಟ ಕೊಂಕು ಇದು ಎಂದೇ ಅವಳ ಲೆಕ್ಕ.

ಮೈದುನ ಬಾಯಿ ತೆರೆದ. ಅಣ್ಣನ ಕಡೆ ನೋಡಿದ. ಅಣ್ಣ ಬಹಳ ದಿನಗಳ ಮೇಲೆ ಟವೆಲ್ಲಿಲ್ಲದೆ, ಕಣ್ಣು ತೆರೆದು ನಗುತ್ತ ಕೂತಿದ್ದ. ಮೈದುನ ತೆರೆದ ಬಾಯನ್ನು ಆಕಳಿಕೆಗೆ ಬಳಸಿಕೊಂಡು ಎದ್ದ.

ಬೇಸಿಗೆ ಮುಗಿಯುವ ಮೊದಲೇ ಅವರು ಮನೆ ಬಿಡುತ್ತಾರೆಂಬ ಸುದ್ದಿ ಬಂತು. ಊರಿನ ಆ ಕೊನೆಯಲ್ಲಿ, ಡಿಪೋದ ಹಿಂದೆ ಮನೆ ಸಿಕ್ಕಿದೆಯಂತೆ. ಸಾಮಾನು ಹೇರುವ ದಿನ ದೊಡ್ಡಕ್ಕ ಕಿಟಕಿಯಲ್ಲೇ ನಿಂತಿದ್ದಳು. ಚಿಕ್ಕವಳು ಮೇಲೆ ಬಂದು ಹೇಳಿಹೋಗಲಿ, ಆಗ ನಾನೇ ಕೈ ಹಿಡಿದು ಕೂರಿಸಿ ಕೇಳುತ್ತೇನೆ ಎಂದು ಮನಸ್ಸಿನಲ್ಲೇ ಚಹಾ ಕೂಡ ಕಾಯಿಸಿದ್ದಳು. ಕುರ್ಚಿ ಗಾಡಿ ಹತ್ತಿತು. ಚಿಕ್ಕಕ್ಕ ಬೀದಿಯ ನಡುವೆ ನಿಂತು ಹಣೆಗೆ ಕೈ ಅಡ್ಡ ಹಿಡಿದು ಈ ಕಿಟಕಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಗಾಡಿಯವನು ಹಾರನ್ನು ಬಾರಿಸಿದರೂ ನೋಡುತ್ತಿದ್ದಳು. ದೊಡ್ಡಕ್ಕನ ಕೈ ತಾನಾಗಿ ಮೇಲೆದ್ದಿತು. ಚಿಕ್ಕಕ್ಕ ನೋಡುತ್ತಲೇ ಇದ್ದು, ಏನೂ ಕಾಣದವಳಂತೆ ಗಾಡಿ ಹತ್ತಿ ಕೂತಳು.

“ಇಳಿದು ಹೋಗಬಾರದಿತ್ತಾ?” ಎಂದರು ಯಜಮಾನರು ಹಿಂದಿನಿಂದ.

“ನಾನು ಕೈಯೆತ್ತಿದೆ. ಇನ್ನೆಷ್ಟು ಇಳೀಬೇಕು ನಾನು?”

ಬೀಗದ ಕೈ ಮಾತ್ರ ಮೈದುನ ತಂದು ಕೊಟ್ಟಿದ್ದ. ಮನೆಯ ಮಾಲೀಕ ನಾಳೆ ಸಂಜೆ ಬಂದು ಒಯ್ಯುತ್ತಾನೆ ಎಂದು. ಮಾರನೆಯ ಮಧ್ಯಾಹ್ನ ದೊಡ್ಡಕ್ಕನಿಗೆ ಮನಸ್ಸು ತಡೆಯಲಿಲ್ಲ. ಖಾಲಿ ಮನೆಯನ್ನು ಗುಡಿಸದೆ ಬಿಟ್ಟು ಹೋಗಿದ್ದರೆ ನಮ್ಮ ಮನೆತನಕ್ಕೇ ಅಲ್ಲವೇ ಮಾತು ಎಂದು ತನಗೆ ತಾನೇ ನೆಪ ಹೇಳಿಕೊಂಡು, ಪೊರಕೆ ಹಿಡಿದು ಬೀದಿ ದಾಟಿದಳು.

ಮನೆ ಗುಡಿಸಿಯೇ ಇತ್ತು. ನೆಲ ಒರೆಸಿದ ಗುರುತೂ ಇತ್ತು. ಹೊಲಿಗೆಯ ಕೋಣೆಯಲ್ಲಿ ಕತ್ತಲೆ. ರಗ್ಗು ಹಾಗೇ ನೇತಾಡುತ್ತಿತ್ತು, ಮೊಳೆ ಕೀಳಲು ಪುರುಸೊತ್ತಾಗಿರಲಿಲ್ಲವೋ ಏನೋ. ನನ್ನ ಮೇಲೆ ಹೊಡೆದ ಮೊಳೆ, ನಾನೇ ಕೀಳುತ್ತೇನೆ ಎಂದು ದೊಡ್ಡಕ್ಕ ರಗ್ಗಿನ ಅಂಚು ಹಿಡಿದು ಜಗ್ಗಿದಳು.

ಬೆಂಕಿ ಮುಖಕ್ಕೆ ಬಡಿಯಿತು.

ಕೈ ಅಡ್ಡ ಹಿಡಿದು ಹಿಂದೆ ಸರಿದಳು. ಕೋಣೆ ಮೂಲೆಮೂಲೆಗೂ ಉರಿಯುತ್ತಿತ್ತು. ನೆಲ, ಗೋಡೆ, ಖಾಲಿ ಕಪಾಟು ಎಲ್ಲ ಬೆಳ್ಳಗೆ. ಈ ಬೆಳಕಿನಲ್ಲಿ ಬಿಳಿ ಬಟ್ಟೆ ಮಡಿಲಲ್ಲಿ ಹಾಕಿಕೊಂಡು ಸೂಜಿ ಪೋಣಿಸುವುದೆಂದರೆ! ಬೆರಳ ಸಂದಿನಿಂದ ಕಣ್ಣು ಕಿರಿದು ಮಾಡಿ ನೋಡಿದಳು. ಬೆಳಕು ಬರುತ್ತಿದ್ದದ್ದು ಆಕಾಶದಿಂದಲ್ಲ. ಬೀದಿಯ ಆಚೆಯಿಂದ, ಒಂದು ಅಂತಸ್ತು ಮೇಲಿನಿಂದ, ತನ್ನದೇ ಮನೆಯಿಂದ. ಅಲ್ಲಿ ಕಿಟಕಿಯೇ ಇರಲಿಲ್ಲ. ಕಾದು ಬೆಳ್ಳಗಾದ ಒಂದು ತಗಡು ಇತ್ತು. ಒಳಗೆ ಮನೆಯೊಂದಿದೆ, ಮನೆಯಲ್ಲಿ ಜನರಿದ್ದಾರೆ ಎಂಬುದಕ್ಕೆ ಎಲ್ಲೂ ಒಂದು ಚೂರು ಗುರುತಿರಲಿಲ್ಲ.

ಎಷ್ಟು ಹೊತ್ತು ನಿಂತಳೋ. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಬೆಳಕಿಗೆ ಎಷ್ಟು, ಬೇರೆಯದಕ್ಕೆ ಎಷ್ಟು ಎಂದು ಆ ದೇವರೇ ಹೇಳಬೇಕು.

ಮನೆಗೆ ಬಂದಾಗ ಯಜಮಾನರು ಕಿಟಕಿಯ ಹತ್ತಿರವೇ ಇದ್ದರು. ಮಕ್ಕಳ ಹಾಗೆ ಮುಖ ಸಣ್ಣದು ಮಾಡಿಕೊಂಡಿದ್ದರು. “ಏನೇ, ಅಷ್ಟು ಹೊತ್ತಿಂದ ಕೈ ಬೀಸ್ತಾ ಇದೀನಿ, ಹಾಲು ಉಕ್ತಿತ್ತು, ಹೇಗೆ ಆರಿಸೋದು ಅಂತ. ನೆಟ್ಟಗೆ ನನ್ನ ಮುಖಾನೇ ನೋಡ್ತಿದ್ದೆ. ಒಂದು ತಲೆಯಾದ್ರೂ ಆಡಿಸಬಾರದಾ? ಏನು ಅಂಥಾ ಸಿಟ್ಟು?”

ಉಕ್ಕಿ ಸೀದ ಹಾಲಿನ ವಾಸನೆಯ ನಡುವೆ ದೊಡ್ಡಕ್ಕ ನೆಲದ ಮೇಲೆ ಕೂತುಬಿಟ್ಟಳು.

ಮರುದಿನವೇ ಬಸ್ಸು ಹಿಡಿದಳು. ಡಿಪೋದ ಹಿಂದಿನ ಮನೆ ಚಿಕ್ಕದು, ತಂಪು. ಕಿಟಕಿಯಾಚೆ ಪಕ್ಕದ ಮನೆಯ ಬಾಲ್ಕನಿ, ಕೈಚಾಚಿದರೆ ಸಿಗುವಷ್ಟು ಹತ್ತಿರ. ಚಿಕ್ಕಕ್ಕ ಬಾಗಿಲು ತೆರೆದು, “ಬನ್ನಿ ಅಕ್ಕ” ಎಂದಳು. ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಭಾವನ ಕಣ್ಣು ಕೇಳಿದಳು. ಎಲ್ಲ ಸರಿಯಾಗಿತ್ತು. ಅಷ್ಟು ಸರಿಯಾಗಿ ಅವಳು ಹಿಂದೆಂದೂ ತನ್ನನ್ನು ಉಪಚರಿಸಿರಲಿಲ್ಲವೆಂದು ದೊಡ್ಡಕ್ಕನಿಗೆ ಹೊಳೆಯಿತು. ಹಿಂದೆಲ್ಲ, “ನೀರು ಅಲ್ಲಿದೆ, ಕುಡೀರಿ, ನನ್ನ ಕೈಲಿ ಸೂಜಿ ಇದೆ” ಎನ್ನುತ್ತಿದ್ದಳು.

ದೊಡ್ಡಕ್ಕ ಎಲ್ಲವನ್ನೂ ಹೇಳಿದಳು. ದಿನವೂ ಕೈಯೆತ್ತಿದ್ದು, ಕೆನ್ನೆ ಉಬ್ಬಿಸಿದ್ದು, ಅವಳು ಗಾಡಿ ಹತ್ತುವಾಗಲೂ ಎತ್ತಿದ ಕೈ ಇಳಿಸದೆ ನಿಂತದ್ದು.

ಚಿಕ್ಕಕ್ಕನ ಸೂಜಿ ಬಟ್ಟೆಯಲ್ಲೇ ನಿಂತಿತು.

“ದಿನಾನಾ?” ಎಂದಳು.

“ದಿನಾ ಕಣೇ.”

“ನಾನು ಕಾದೆ ಅಕ್ಕ. ನೀವು ಕಿಟಕಿಗೆ ಬಂದ್ರೋ ಇಲ್ವೋ ಅಂತ ಆ ಬೆಳಕಲ್ಲಿ ಕಣ್ಣು ಕೀಲಿಸಿ ನೋಡ್ತಿದ್ದೆ. ಏನೂ ಕಾಣ್ತಿರಲಿಲ್ಲ. ನಿಮಗೆ ನಾವು ಕಾಣ್ತೀವಿ, ನೀವು ನಮಗೆ ಕಾಣೋದು ಬೇಡ ಅಂತ ಹಾಕಿಸಿಕೊಂಡಿದ್ದೀರಿ ಅಂದ್ಕೊಂಡೆ.”

“ಕಣ್ಣಿಗೆ ಚುಚ್ಚುತ್ತೆ ಅಂತ ಬಾಯಿ ಬಿಟ್ಟು ಹೇಳಬಾರದಿತ್ತೇನೇ?”

“ಇವರು ಹೇಳ್ತೀನಿ ಅಂತ ಬಂದಿದ್ರು. ಭಾವ ಕಣ್ಣು ಬಿಟ್ಕೊಂಡು ನಗ್ತಾ ಕೂತಿದ್ರಂತೆ. ಹೇಗೆ ಹೇಳೋದು, ಬಿಟ್ಟು ಬಂದೆ ಅಂದ್ರು. ನಾನೂ ಬಿಡಿ ಅಂದೆ. ರಗ್ಗು ಹೇಗೂ ಹಾಕ್ಕೊಂಡಿದ್ದೀವಲ್ಲ, ಅವರ ಕಣ್ಣು ಮೊದಲು ಅಂತ.” ಬಟ್ಟೆಯಲ್ಲಿ ನಿಂತಿದ್ದ ಸೂಜಿಯನ್ನು ಎಳೆದು, “ಕತ್ತಲಲ್ಲಿ ಕಾಜ ಹೊಲಿಯೋಕಾಗುತ್ತಾ? ಅದಕ್ಕೇ ಮನೆ ಬಿಟ್ವಿ” ಎಂದಳು. ದೂರಿನ ದನಿಯಲ್ಲಲ್ಲ, ಇದ್ದದ್ದನ್ನು ಹೇಳುವ ದನಿಯಲ್ಲಿ.

“ಆ ಹಾಳೆ ಕಿತ್ತು ಬಿಸಾಕ್ತೀನಿ. ವಾಪಸ್ ಬನ್ನಿ. ಮಾಲೀಕನ ಹತ್ರ ನಾನು ಮಾತಾಡ್ತೀನಿ.”

“ಬೇಡ ಅಕ್ಕ, ಭಾವನಿಗೆ ಬೇಕಲ್ಲ ಅದು.” ಚಿಕ್ಕಕ್ಕ ಮುಗುಳ್ನಕ್ಕಳು. ನಗು ಚೆನ್ನಾಗಿತ್ತು, ಅದರಲ್ಲಿ ಕಹಿ ಇರಲಿಲ್ಲ, ಹಳೆಯದೂ ಏನೂ ಇರಲಿಲ್ಲ. “ಹೋಗಲಿ ಬಿಡಿ. ನಿಮ್ಮ ತಪ್ಪೂ ಅಲ್ಲ, ನನ್ನ ತಪ್ಪೂ ಅಲ್ಲ.”

ಯಾರ ತಪ್ಪೂ ಅಲ್ಲ ಎಂದರೆ ಕ್ಷಮೆ ಕೇಳುವುದು ಯಾರನ್ನು? ಅದಕ್ಕಿಂತ, ನಿಮ್ಮದೇ ತಪ್ಪು ಎಂದು ಅವಳು ಒಂದು ಸಲ ಜಗಳ ಆಡಿದ್ದರೆ ಚೆನ್ನಾಗಿತ್ತು ಎಂದುಕೊಂಡಳು ದೊಡ್ಡಕ್ಕ. ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಬಾಲ್ಕನಿಯಿಂದ ಒಂದು ಹೆಣ್ಣುದನಿ, “ಏನ್ರೀ ಕೋಟಮ್ಮ, ಇವತ್ತು ಇನ್ನೂ ಕಿಟಕಿ ತೆಗೆದಿಲ್ಲ?” ಎಂದು ಕರೆಯಿತು.

ಚಿಕ್ಕಕ್ಕನ ಮುಖ ಅರಳಿತು. “ಬಂದೆ ಬಂದೆ, ಒಂದು ನಿಮಿಷ ಅಕ್ಕ” ಎಂದು ಮಡಿಲಿನ ಕೋಟನ್ನು ದೊಡ್ಡಕ್ಕನ ಪಕ್ಕದಲ್ಲಿಟ್ಟು, ಹೋಗಿ ಕಿಟಕಿ ತೆರೆದು ಬಗ್ಗಿದಳು. ಆಚೆಯವಳು ಏನೋ ಹೇಳಿದಳು. ಈಚೆಯವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಈ ಸಲ ಸದ್ದು ಮಾಡಿಯೇ. ಒಂದು ನಿಮಿಷ ಎರಡಾಯಿತು, ಮಾತಿಗೆ ಮಾತು ಸೇರಿ ಉದ್ದವಾಗುತ್ತ ಹೋಯಿತು. ಹೊರಡುತ್ತೇನೆ ಎಂದು ನಡುವೆ ಬಾಯಿ ಹಾಕುವುದು ಸರಿಯಲ್ಲ. ದೊಡ್ಡಕ್ಕ ಸೆರಗು ಸರಿಮಾಡಿಕೊಂಡು, ಮಾತು ಮುಗಿಯಲಿ ಎಂದು, ಮನೆಗೆ ಬಂದ ಅತಿಥಿಯಂತೆ ನೆಟ್ಟಗೆ ಕೂತು ಕಾದಳು.